ನೆಲ ಚೊಕ್ಕ ಮಾಡುತ್ತಿದ್ದ ಮುಕಾದಮರು

ಅವರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಉಳಿದ ಮೂರರಲ್ಲಿ ಕಬ್ಬಿಣದ ಸಲಾಕೆಯನ್ನು ಹಗುರಾಗಿ ಹಿಡಿದು, ಬರಿಗಾಲಲ್ಲಿ ಕುಕ್ಕರಗಾಲು ಕೂತು, ನೆಲವನ್ನು ಓರೆಯಾಗಿ ಚುಚ್ಚುತ್ತಾ ಗೇಣು ಗೇಣಾಗಿ ಮುಂದೆ ಸರಿಯುತ್ತಿದ್ದರು. ನೆಟ್ಟಗೆ ಚುಚ್ಚಿದರೆ ಗುಂಡಿನ ಮೂತಿಗೆ ತಾಗೀತು, ಓರೆಯಾದರೆ ಪಕ್ಕೆಗೆ ತಾಗುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಪುಣೆ ಹತ್ತಿರ ದೇಹೂ ರೋಡಿನಾಚೆ ಒಂದು ಹಳ್ಳಿಯನ್ನು ಖಾಲಿ ಮಾಡಿಸಿ, ಯುದ್ಧ ಮುಗಿಯುವ ತನಕ ಅಲ್ಲಿ ಫೌಜಿನವರು ತೋಪು ಹಾರಿಸಿ ಕಲಿಯುತ್ತಿದ್ದರು. ಈಗ ಊರು ಜನರಿಗೆ ಮರಳಬೇಕಿತ್ತು. ಬಿದ್ದ ಮನೆಗಳ ಕಲ್ಲುಮಣ್ಣು ತೆಗೆದು, ಸಿಡಿಯದೆ ಹೂತುಹೋದ ಗುಂಡು ಹುಡುಕುವ ತಂಡಕ್ಕೆ ಅವರು ಮುಕಾದಮರು, ಅಂದರೆ ಮೇಸ್ತ್ರಿ. ಬಾಗಲಕೋಟೆ ಕಡೆಯ ಕಲ್ಲುಗಣಿಯಲ್ಲಿ ಮದ್ದು ಸಿಡಿಸಿ ಪಳಗಿದವರು. ನಾನು ನಕ್ಷೆ ತುಂಬುವ ಗುಮಾಸ್ತ. ಪುಣೆಯಲ್ಲಿ ನೌಕರಿ ಸಿಕ್ಕಿತೆಂದು ಬೆಳಗಾವಿಯಲ್ಲೆಲ್ಲ ಪೇಢೆ ಹಂಚಿ ಬಂದ ಪುಕ್ಕಲ.

ಒಂದು ಪಟ್ಟಿ ನೆಲ ಮುಗಿಯಿತೆಂದರೆ ಅವರದೊಂದು ಪದ್ಧತಿ ಇತ್ತು. ತಾವೊಬ್ಬರೇ ಅದರ ನಟ್ಟನಡುವೆ ಹೋಗಿ ಕೂತು, ಗಂಟು ಬಿಚ್ಚಿ ರೊಟ್ಟಿ ತಿನ್ನುವುದು. ಕೈ ತೊಳೆದ ಮೇಲೆಯೇ “ಚೊಕ್ಕ ಅದ, ಬರ್ರಿ” ಎಂದು ಕೂಗುವುದು. ಅದಕ್ಕೆ ಮೊದಲು ಫೌಜಿನ ಸಾಹೇಬರು ಎಷ್ಟೇ ಅವಸರ ಮಾಡಲಿ, ನಕ್ಷೆಯಲ್ಲಿ ಒಂದು ಗೆರೆ ಎಳೆಯಗೊಡುತ್ತಿರಲಿಲ್ಲ.

“ಅಂಜಿಕಿ ಆಗೂದಿಲ್ಲೇನ್ರಿ ನಿಮಗ?” ಎಂದು ಒಮ್ಮೆ ಕೇಳಿದೆ.

“ಭಾಳ ಆಗ್ತದ. ಅಂಜಿಕಿ ಇಲ್ಲದವನ ಹಿಂದ ನಾ ಒಂದ್ ಹೆಜ್ಜಿ ಇಡಾಂಗಿಲ್ಲ,” ಎಂದರು.

ಚೊಕ್ಕವಾದ ನೆಲದ ಅಂಚಿಗೆ ಸುಣ್ಣ ಹಚ್ಚಿದ ಕಲ್ಲುಗಳನ್ನು ಸಾಲಾಗಿ ಇಡುತ್ತಿದ್ದೆವು. ಕಲ್ಲಿಗೇನು ಬರ, ಬಿದ್ದ ಮನೆಗಳವೇ ರಾಶಿ ಇದ್ದವು. ಸಾಲಿನ ಈಚೆ ಜನ, ಆಚೆ ಯಮ.

ಮಳೆಗಾಲ ಹತ್ತಿರವಾಯಿತೆಂದು ಹತ್ತೆಂಟು ಮನೆಯವರು ಈಚೆಯ ನೆಲಕ್ಕೆ ಬಂದು ಗೋಡೆ ಎಬ್ಬಿಸತೊಡಗಿದರು. ಒಂದು ಬೆಳಿಗ್ಗೆ ನಾನು ನಕ್ಷೆ ನೋಡುತ್ತಾ, ಬಿಳಿ ಸಾಲು ಇನ್ನೂ ಮುಂದಿದೆ ಎಂದುಕೊಂಡು ನಡೆಯುತ್ತಿದ್ದೆ. ಹಿಂದಿನಿಂದ ಮುಕಾದಮರು ಕಿರುಚಿದರು: “ನಿಂದರ್ರಿ! ಕಾಲ್ ಎತ್ತಬ್ಯಾಡ್ರಿ!”

ಕತ್ತು ತಿರುಗಿಸಿ ನೋಡಿದೆ. ಅವರು ಒಬ್ಬ ಮುದುಕಿಯ ಹೊಸ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೂರೂ ಕಲ್ಲಿಗೆ ಸುಣ್ಣವಿತ್ತು. ಪಕ್ಕದ ಗೋಡೆಯ ಬುಡದಲ್ಲೂ ಬಿಳಿ ಕಲ್ಲುಗಳೇ. ಸಾಲು ಎಲ್ಲಿಯೂ ಇರಲಿಲ್ಲ.

“ಮಾಝ್ಯಾಚ್ ಘರಾಚೇ ದಗಡ್,” ಎಂದಳು ಮುದುಕಿ. ತನ್ನದೇ ಮನೆಯ ಕಲ್ಲುಗಳಂತೆ, ಸುಣ್ಣದ ಕೆಳಗೂ ಗುರುತು ಹತ್ತಿದವಂತೆ. ಹಿಂದಿನ ದಿನ ಸೊಸೆಯೂ ತಾನೂ ಸೇರಿ ಹೊತ್ತು ತಂದಿದ್ದರು.

ನಾನು ಗಡಿ ದಾಟಿ ಎಷ್ಟು ದೂರ ಬಂದಿದ್ದೆನೋ ತಿಳಿಯದು. ಗಟ್ಟಿ ನೆಲ, ಬಂದ ಹೆಜ್ಜೆಯ ಗುರುತೂ ಮೂಡಿರಲಿಲ್ಲ. ಮುಕಾದಮರು ಕುಕ್ಕರಗಾಲು ಕೂತು ಸಲಾಕೆ ಹಿಡಿದು ನನ್ನ ಕಡೆ ಬರತೊಡಗಿದರು. ನನ್ನ ಮಂಡಿ ನಡುಗುತ್ತಿತ್ತು. ಆ ನಡುಕಕ್ಕೇ ಕೆಳಗಿನದು ಸಿಡಿದೀತೆಂದು ಇನ್ನಷ್ಟು ನಡುಗಿದೆ.

“ಮಾತಾಡ್ರಿ. ನಿಮ್ಮವ್ವಾರು ಏನ್ ಅಡಗಿ ಚಲೋ ಮಾಡ್ತಾರ?”

“ಎಣಗಾಯಿ ರೀ.”

“ಶೇಂಗಾ ಹಾಕ್ತಾರೋ, ಎಳ್ಳೋ?”

“ಎರಡೂ ರೀ.”

“ಹಂಗಾರ ಒಂದಿನ ಡಬ್ಬಿ ತರಿಸ್ರಿ...”

ನನ್ನ ಎಡಗಾಲಿನಿಂದ ಎರಡು ಮೊಳ ದೂರದಲ್ಲಿ ಸಲಾಕೆ ಟಣ್ ಎಂದಿತು. ಅವರ ಮಾತು ನಿಂತಿತು. ಮೂರು ಬೆರಳಲ್ಲಿ ಮಣ್ಣು ಸರಿಸಿ ನೋಡಿ, ಒಂದು ಕೆಂಪು ಬಟ್ಟೆ ಇಟ್ಟು, ಅದನ್ನು ಬಳಸಿಕೊಂಡು ಬಂದರು. ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಬಂದೆ.

ಸ್ವಲ್ಪ ಜೀವ ಬಂದ ಮೇಲೆ ಮುದುಕಿಯ ಮೇಲೆ ಹರಿಹಾಯಲು ಹೋದೆ. ಅವರು ತೋಳು ಹಿಡಿದು ನಿಲ್ಲಿಸಿದರು.

“ಮನಿ ಕಳಕೊಂಡಾಕಿ ಮುಂದ ಆಕಿ ಮನಿ ಕಲ್ಲೇ ಇಟ್ಟು, ಮುಟ್ಟಬ್ಯಾಡ ಅಂದ್ರ ಹೆಂಗ್ರಿ? ತಪ್ಪು ನಂದು.”

ಕಲ್ಲುಗಳು ಅವಳ ಒಲೆಯಲ್ಲೇ ಉಳಿದವು. ಮರುದಿನದಿಂದ ಗಡಿಗೆ ತುಕ್ಕು ಹಿಡಿದು ತೂತಾದ ತಗಡು ನೆಟ್ಟೆವು, ಯಾರ ಮನೆಗೂ ಬೇಡವಾದದ್ದು.

ಆ ಊರು ಎದ್ದು ನಿಂತಿತು. ಮುಕಾದಮರು ಮರುವರ್ಷ ವಿಷಮಜ್ವರದಲ್ಲಿ ತೀರಿಕೊಂಡರು. ನೆಲ ಅವರನ್ನು ಏನೂ ಮಾಡಲಿಲ್ಲ, ಜ್ವರ ಒಯ್ದಿತು. ಅವ್ವನ ಎಣಗಾಯಿಯ ಡಬ್ಬಿ ನಾನು ತರಿಸಲೇ ಇಲ್ಲ. ಆ ನಾಚಿಕೆ ಇನ್ನೂ ಇದೆ.

ಅವರಲ್ಲಿ ಹೂಳುವ ಪದ್ಧತಿ. ಅಗೆಯುವವನು ಗುದ್ದಲಿ ಎತ್ತಿದ. “ಥಾಂಬಾ,” ಎಂದು ಅವನನ್ನು ತಡೆದೆ. ಅವರ ಸಲಾಕೆಯನ್ನು ನಾನು ಹಿಡಿದು ಬಂದಿದ್ದೆ. ಕುಕ್ಕರಗಾಲು ಕೂತು ಓರೆಯಾಗಿ, ಗೇಣು ಗೇಣಾಗಿ, ಅಷ್ಟೂ ನೆಲ ಚುಚ್ಚಿ ನೋಡಿದೆ. ಹಳ್ಳಿಯಿಂದ ಬಂದವರು ಸುತ್ತ ನಿಂತಿದ್ದರು, ಯಾರೂ ನಗಲಿಲ್ಲ. ನಟ್ಟನಡುವೆ ಒಂದು ಗಳಿಗೆ ಕೂತು, ಎದ್ದು, ಮಲಗಿದ್ದ ಮುಕಾದಮರ ಕಡೆ ತಿರುಗಿದೆ.

“ಚೊಕ್ಕ ಅದ ರೀ,” ಎಂದೆ. “ಬರ್ರಿ.”