ಮಡ್‌ಗಾರ್ಡಿನೊಳಗಿನ ಎರೆಮಣ್ಣು

"ಏನ್ರಿ ಇದು, ಸೈಕಲ್ಲೋ ಹೊಲಾನೋ?"

ಬಳ್ಳಾರಿ ಬ್ರೂಸ್‌ಪೇಟೆಯ ಸೈಕಲ್ ರಿಪೇರಿ ಖಾದರ್ ಸಾಬರು ಮೊನ್ನೆ ನನ್ನನ್ನು ಕೇಳಿದ ಪ್ರಶ್ನೆ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಒಯ್ದಿದ್ದೆ. ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಮಡ್‌ಗಾರ್ಡಿನೊಳಕ್ಕೆ ಸ್ಕ್ರೂಡ್ರೈವರ್ ತೂರಿಸಿದರು. ಅಂಗೈ ಅಗಲದ ಕರಿ ಹೆಂಟೆಯೊಂದು ಕಳಚಿ ಬಿತ್ತು. ಒಣಗಿ ಕಲ್ಲಾಗಿತ್ತು.

"ಇನ್ನೊಂದು ಐತಿ, ತಡೀರಿ, ತಗೀತೀನಿ."

"ಬ್ಯಾಡ್ರಿ. ಅದು ಇರ್ಲಿ."

"ಯಾಕ್ರಿ, ಬಿತ್ತನಿ ಮಾಡ್ತೀರೇನು ಅದ್ರಾಗ?"

ಉತ್ತರ ಹೊಳೆಯಲಿಲ್ಲ. (ನನಗೆ! ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯವರೆಲ್ಲ ಇವತ್ತಿಗೂ ನೀರು ಕುಡಿಯುತ್ತಾರೆ.)

ಆ ಮಣ್ಣು ಕುರುಗೋಡಿನ ಆಚೆಯದು. ಹೋದ ವರ್ಷದ್ದು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾವು ಐವರು, ದಸರೆಯ ಮರುವಾರ ಬಳ್ಳಾರಿಯಿಂದ ಹೊರಟಿದ್ದೆವು. ಐದು ಸೈಕಲ್, ಲಾರಿಯವರನ್ನು ಕಾಡಿ ತಂದ ಒಂದು ತಾಡಪತ್ರಿ, ಒಂದು ಸೀಮೆಎಣ್ಣೆ ಸ್ಟೌ. ನಾಲ್ಕು ದಿನ. ಎಲ್ಲಿ ನೆರಳೋ ಅಲ್ಲಿ ಡೇರೆ.

ನಾಲ್ವರು ಡಿಬೇಟಿನವರು. ಹಾಗಾಗಿ ನಮ್ಮಲ್ಲೊಂದು ಕಾನೂನು. ತಕರಾರು ಬಂದರೆ ಪರ ಒಬ್ಬ, ವಿರೋಧ ಒಬ್ಬ, ತಲಾ ಎರಡು ನಿಮಿಷ. ನಮ್ಮಲ್ಲೊಬ್ಬನಾದ ಸುಭಾನಿ ಊಟದ ತಟ್ಟೆಗೆ ಚಮಚ ಬಡಿದರೆ ಟೈಮ್ ಮುಗಿಯಿತು. ಆಮೇಲೆ ಕೈ ಎತ್ತುವುದು. ಸೋತವನು ಮತ್ತೆ ಆ ಮಾತು ತೆಗೆಯುವಂತಿಲ್ಲ. ಮಂಡಕ್ಕಿಯ ವಗ್ಗಾಣಿಗೆ ಮಿರ್ಚಿ ಬೇಕೇ ಎಂಬುದೂ ವೋಟಿಗೆ ಹೋಗಿತ್ತು. (ಬೇಕು. ಐದು-ಸೊನ್ನೆ.)

ಐದನೆಯವನು ವೀರೇಶ. ಬಳ್ಳಾರಿ ಹತ್ತಿರದ ಮೋಕ ಊರಿನ ರೈತರ ಮನೆಯವನು, ಕಾಲೇಜಿನಲ್ಲಿ ನನ್ನ ಬೆಂಚಿನವನು. ವೇದಿಕೆ ಹತ್ತಿದವನಲ್ಲ. ಆದರೆ ನನ್ನ ಒಂದೊಂದು ಭಾಷಣವನ್ನೂ ಸ್ಪರ್ಧೆಗೆ ಮೊದಲು ಗುಡ್ಡದ ಬಂಡೆಯ ಮೇಲೆ ಕೂತು ಕೇಳಿದವನು. ಕೇಳಿದ ಮೇಲೆ ಒಂದೇ ತೀರ್ಪು: "ಚಲೋ ಮಾತಾಡ್ದಿ ಲೇ. ಆದ್ರ ಖರೆ ಅನಸಂಗಿಲ್ಲ."

ಎರಡನೆಯ ದಿನ ಕುರುಗೋಡು ಬಿಟ್ಟು ಸಿರುಗುಪ್ಪದ ಕಡೆ ಹೊರಟಾಗ ಒಂದು ಹೊಲದ ದಾರಿ ಕಂಡಿತು. ರಸ್ತೆಗಿಂತ ಹತ್ತಿರ ಎಂದೆ. ವೀರೇಶ ಸೈಕಲ್ಲಿನಿಂದ ಇಳಿದೇಬಿಟ್ಟ.

"ಬ್ಯಾಡ್ರಲೇ, ಎರಿ ಭೂಮಿ ಅದು. ಮ್ಯಾಲ ಒಣಗಿದಂಗ ಕಾಣತೈತಿ, ಒಳಗ ಹಸಿ ಇರ್ತೈತಿ."

"ಆಧಾರ ಏನು?"

"ಆಧಾರ ಏನ್ಲೇ... ಎರಿ ಭೂಮಿ!"

ಇದೊಂದು ವಾದವೇ? ನಾನು ವಾರದಿಂದ ಮಳೆ ಇಲ್ಲ ಎಂದೆ, ಎತ್ತಿನ ಗಾಡಿಯ ಜಾಡು ತೋರಿಸಿದೆ. ಸುಭಾನಿ ತಟ್ಟೆ ಬಾರಿಸಿದ. ನಾಲ್ಕು-ಒಂದು.

ಎರಡು ಫರ್ಲಾಂಗ್ ಹೋಗಿರಲಿಲ್ಲ. ಕಾಲುವೆ ನೀರು ಕುಡಿದಿದ್ದ ನೆಲ ಗಾಲಿಗೆ ಸುತ್ತಿಕೊಂಡಿತು, ಮಡ್‌ಗಾರ್ಡಿನೊಳಗೆ ಕಿಕ್ಕಿರಿಯಿತು, ಗಾಲಿ ತಿರುಗುವುದೇ ನಿಂತಿತು. ಸೈಕಲ್ಲುಗಳನ್ನು ಹೆಗಲಿಗೆ ಏರಿಸಿದೆವು.

"ಸೈಕಲ್ ಮ್ಯಾಲ ನಾವು ಹೋಗೋದೋ, ನಮ್ಮ ಮ್ಯಾಲ ಸೈಕಲ್ ಹೋಗೋದೋ? ಇದನ್ನೂ ವೋಟಿಗೆ ಹಾಕ್ರಲೇ!" ಸುಭಾನಿ ಕೂಗಿದ.

ವೀರೇಶ ಕಾನೂನು ಮುರಿಯಲಿಲ್ಲ. ಜಾಲಿಯ ಕಡ್ಡಿ ಮುರಿದು ತಂದು ಮಣ್ಣು ಕೆರೆಯಲು ಕೂತ. ಮೊದಲು ನನ್ನ ಸೈಕಲ್ಲಿನದು, ಕಡ್ಡಿಗೆ ಸಿಕ್ಕಷ್ಟು.

ಅಷ್ಟಕ್ಕಾದರೂ ನನಗೆ ಬುದ್ಧಿ ಬರಬೇಕಿತ್ತಲ್ಲವೇ?

ಮೂರನೆಯ ಬೆಳಿಗ್ಗೆ ಸಿರುಗುಪ್ಪದ ಹೊಳೆ ದಂಡೆಯಲ್ಲಿ ಚಹಾ ಕಾಯುತ್ತಿತ್ತು. ವೀರೇಶ ಅಂಗಿ ಜೇಬಿನಿಂದ ಮಡಚಿದ ಕಾಗದ ತೆಗೆದ. ಬೀದರಿನಲ್ಲಿ ಗುಮಾಸ್ತೆ ಕೆಲಸದ ಆರ್ಡರ್. ಹದಿನೈದು ದಿನದೊಳಗೆ ಸೇರಬೇಕು.

"ಅಣ್ಣನ ಜೋಡಿ ಹೊಲ ಮಾಡ್ಕೊಂಡು ಇಲ್ಲೇ ಇರಬೇಕಂತ ಮಾಡೀನಿ. ಏನ್ ಮಾಡ್ಲಿ?" ಕೇಳಿದ್ದು ಎಲ್ಲರನ್ನು. ನೋಡಿದ್ದು ನನ್ನನ್ನು.

ಸುಭಾನಿ ಆಗಲೇ ತಟ್ಟೆ ಹಿಡಿದಿದ್ದ. ನಾನು ಎದ್ದು ನಿಂತೆ. 'ಹೋಗು' ಎನ್ನುವ ಪಕ್ಷ ನನ್ನದು. ಯಾಕೆ? ಆ ಕಡೆ ಪಾಯಿಂಟ್ಸ್ ಜಾಸ್ತಿ ಇದ್ದವು, ಅಷ್ಟೇ! ತಿಂಗಳ ಸಂಬಳ, ಪೆನ್ಷನ್, ಬಡ್ತಿ, ಹೊಲ ನೋಡಲು ಅಣ್ಣ ಇದ್ದಾನೆ, ಬೀದರ್ ಏನು ಪರದೇಶವೇ? ಐದು ಕಾರಣ. ಚಮಚ ಬಡಿಯುವ ಮೊದಲೇ ಮುಗಿಸಿದೆ.

ವೀರೇಶನ ಸರದಿ ಬಂತು.

"ನನಗ ಇಲ್ಲೇ ಚಲೋ ಅನಸ್ತೈತಿ" ಎಂದ. ಅಷ್ಟೇ.

ನಾಲ್ಕು ಕೈ ಮೇಲೆದ್ದವು. ಒಂದು ನನ್ನದು. ಅವನು ಕಾಗದವನ್ನು ಮತ್ತೆ ಮಡಚಿ ಜೇಬಿಗಿಟ್ಟ. "ಚಲೋ ಮಾತಾಡ್ದಿ ಲೇ" ಎಂದ. ಉಳಿದರ್ಧ ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಸೋತವನು ಹೇಳುವಂತಿರಲಿಲ್ಲ.

ಈ ದಸರೆಗೆ ಮತ್ತೆ ಹೋಗೋಣವೆಂದು ಎಲ್ಲರಿಗೂ ಕಾರ್ಡು ಬರೆದೆ. ಸುಭಾನಿ ಈಗಲೂ ತಯಾರು, ತಟ್ಟೆ ತೊಳೆದಿಟ್ಟಿದ್ದಾನಂತೆ. ಬೀದರಿನಿಂದ ಮೊನ್ನೆ ನಾಲ್ಕು ಸಾಲು ಬಂತು. "ರಜಾ ಸಿಗಂಗಿಲ್ಲ. ಇಲ್ಲಿ ಕೆಂಪು ಮಣ್ಣು. ಮಳಿ ಬಂದ್ರೂ ಗಾಲಿ ಹಿಡಿಯಂಗಿಲ್ಲ. ಆದ್ರ ಜೋಡಿ ಯಾರೂ ಇಲ್ಲ."

ಆ ಕಾರ್ಡು ಜೇಬಿನಲ್ಲಿಟ್ಟುಕೊಂಡೇ ಖಾದರ್ ಸಾಬರ ಅಂಗಡಿಗೆ ಹೋಗಿದ್ದೆ. ಕೊನೆಗೆ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಇರ್ಲಿ ಬಿಡ್ರಿ. ನಿಮ್ಮ ಸೈಕಲ್ಲು, ನಿಮ್ಮ ಹೊಲ."

ಜ್ಯೋತಿಷ್ಯಕ್ಕೂ ದೆವ್ವಕ್ಕೂ ಪುರಾವೆ ಕೇಳುವವನೆಂದು ಈ ಅಂಕಣದ ಓದುಗರಾದ ನೀವು ನನ್ನನ್ನು ಬೈದು ಬರೆಯುತ್ತೀರಿ. ಬೈಯಿರಿ. ನಾನು ಇನ್ನೂ ಕೇಳುವವನೇ. ಆದರೆ ಈ ಒಂದಕ್ಕೆ ಮಾತ್ರ ನೀವೇ ಉತ್ತರ ಹೇಳಿ: ಗೆಳೆಯನಿಗೆ 'ಇರು' ಎನ್ನಲು ನನಗೆ ಕಾರಣ ಯಾಕೆ ಬೇಕಾಗಿತ್ತು?