ಆಂಪಿನ ಬೆನ್ನಿನ ಎರಡು ತೂತು

ಹೊಲಿಗೆಯವಳಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಹಾಡಲೂ ಬರುತ್ತಿರಲಿಲ್ಲ. ಕಿವಿ ಮಾತ್ರ ಬಲು ಚುರುಕು. ಮಷಿನ್ನಿನ ಸೂಜಿ ಮೊಂಡಾಗಿದೆ ಅನ್ನುವುದು ಬಟ್ಟೆಗೆ ಗೊತ್ತಾಗುವ ಮೊದಲೇ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಗಂಡ ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಸಂಜೆ ಮನೆಗೆ ಬಂದವನೇ ಅವಳ ಹೊಲಿಗೆ ಕೋಣೆಯ ಮೂಲೆಯಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ. ಮನೆಯಲ್ಲಿ ಇದ್ದದ್ದೇ ಎರಡು ಕೋಣೆ, ಇನ್ನೆಲ್ಲಿ ಕೂರಬೇಕು? ಒಂದು ಕಡೆ ಮಷಿನ್ನು ಕಟಕಟ, ಇನ್ನೊಂದು ಕಡೆ ಇವನ ಗಿಟಾರು. ಇಬ್ಬರಿಗೂ ಅಭ್ಯಾಸವಾಗಿಹೋಗಿತ್ತು.

ಶನಿವಾರ, ಭಾನುವಾರ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವನ ಕಾರ್ಯಕ್ರಮ. ಊಟದ ಹಾಲಿನ ಒಂದು ತುದಿಯಲ್ಲಿ ಮೊಣಕಾಲೆತ್ತರದ ವೇದಿಕೆ. ತಂಡ ಅವನದಲ್ಲ, ಅವನ ಷಡ್ಡಕನದು, ಅಂದರೆ ಹೊಲಿಗೆಯವಳ ಅಕ್ಕನ ಗಂಡನದು. ಪೀಠೋಪಕರಣದ ಅಂಗಡಿಯಲ್ಲಿ ಮ್ಯಾನೇಜರ್ ಆಗಿದ್ದ ಆತನನ್ನು ಎಲ್ಲರೂ ಮ್ಯಾನೇಜರ್ ಅಂತಲೇ ಕರೆಯುತ್ತಿದ್ದರು. ಹಾಡುವಾಗಲೂ ಆತನ ಗತ್ತು ಮ್ಯಾನೇಜರನದೇ. ಧ್ವನಿ ಪರವಾಗಿಲ್ಲ ಅನ್ನುವಷ್ಟಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ಕೂತು ಪ್ರತಿ ಹಾಡಿಗೂ ಚಪ್ಪಾಳೆ ತಟ್ಟುತ್ತಿದ್ದಳು. ತಂಗಿ ಅವಳ ಪಕ್ಕದಲ್ಲಿ. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕನೇ ಜಡೆ ಹೆಣೆದು, ತುತ್ತು ತಿನ್ನಿಸಿ ದೊಡ್ಡವಳನ್ನಾಗಿ ಮಾಡಿದ್ದಳು. ಮದುವೆಯಾದ ಮೇಲೂ ಇಬ್ಬರೂ ಒಂದೇ ಜೀವ ಅನ್ನುವ ಹಾಗಿದ್ದರು.

ಒಂದು ವರ್ಷ ಮ್ಯಾನೇಜರ್ ಎಲ್ಲಿಂದಲೋ ಗಿಟಾರಿನ ದನಿ ಹೆಚ್ಚಿಸುವ ಒಂದು ದೊಡ್ಡ ಆಂಪ್ ತಂದ. ಕೈಬದಲಾದ ಮಾಲು, ಆದರೂ ಗಟ್ಟಿಮುಟ್ಟು. ಹೋಟೆಲಿನ ಹಾಲಿನಲ್ಲಿ ಇಡಲು ಜಾಗ ಸಾಲದೆ ವಾರದ ದಿನಗಳಲ್ಲಿ ಅದು ಹೊಲಿಗೆ ಕೋಣೆಗೇ ಬಂತು. ಗಂಡನಿಗೋ ಹಬ್ಬವೇ ಹಬ್ಬ. ಆದರೆ ಅವನ ತಲೆನೋವು ಮಾತ್ರ ಹೋಗಲಿಲ್ಲ. ಅವನ ಹತ್ತಿರ ಎಕೋ ಪೆಡಲ್ ಒಂದಿತ್ತು. ಕಾಲಿನಿಂದ ಒತ್ತಿದರೆ ನುಡಿಸಿದ ಸ್ವರ ಮತ್ತೆ ಮತ್ತೆ ಮರುದನಿಗೊಟ್ಟು ದೂರ ಹೋದಂತೆ ಕೇಳಬೇಕು. ಮೆಲ್ಲಗೆ ನುಡಿಸಿದಾಗ ಹಾಗೇ ಕೇಳುತ್ತಿತ್ತು. ಆಂಪಿನ ಗುಂಡಿ ತಿರುಗಿಸಿ ದನಿಯನ್ನು ಒರಟು ಮಾಡಿದನೋ, ಎಲ್ಲ ಕಲಸುಮೇಲೋಗರ.

ಹೊಲಿಗೆಯವಳು ಆ ಸಂಜೆ ಪರದೆಗಳ ರಾಶಿಗೆ ಇಸ್ತ್ರಿ ಹಾಕುತ್ತಿದ್ದಳು.

"ರೀ, ಆ ಒರಟು ದನಿ ಎಲ್ಲಿ ಹುಟ್ಟುತ್ತೆ? ಪೆಡಲ್‌ನಲ್ಲಾ, ಆಂಪ್‌ನಲ್ಲಾ?"

"ಆಂಪ್ ಒಳಗೆ. ಯಾಕೆ?"

"ಮತ್ತೆ ಎಕೋ ಮೊದಲೇ ಮಾಡಿ ಒಳಗೆ ಕಳಿಸ್ತಿದ್ದೀರಲ್ಲ. ಒಂದು ಸ್ವರ ನಾಲ್ಕಾಗಿ ಹೋಗುತ್ತೆ, ಅದು ನಾಲ್ಕನ್ನೂ ಸೇರಿಸಿ ಅರೆಯುತ್ತೆ. ಬಟ್ಟೆ ಮಡಿಸಿಟ್ಟು ಆಮೇಲೆ ಇಸ್ತ್ರಿ ಹಾಕಿದ ಹಾಗಾಯ್ತು. ಮೊದಲು ಇಸ್ತ್ರಿ, ಆಮೇಲೆ ಮಡಿಕೆ ಅಲ್ವಾ?"

"ನಿನ್ನ ತಲೆ. ಆಂಪ್ ಒಳಗೆ ಕೈ ಹಾಕಿ ಮಡಿಸಲಾ?"

"ಬೆನ್ನಲ್ಲಿ ಎರಡು ತೂತು ಇದೆಯಲ್ಲ, ಅದೇನು? ದಿನಾ ಧೂಳು ಒರೆಸ್ತೀನಿ, ಯಾರೂ ಅದನ್ನ ಮುಟ್ಟಿದ್ದೇ ನೋಡಿಲ್ಲ."

ಅವನು ಬಗ್ಗಿ ನೋಡಿದ. ಒಂದರ ಮೇಲೆ ಸೆಂಡ್, ಇನ್ನೊಂದರ ಮೇಲೆ ರಿಟರ್ನ್ ಅಂತಿತ್ತು. ಒಂದರಿಂದ ದನಿ ಹೊರಗೆ, ಇನ್ನೊಂದರಿಂದ ಮತ್ತೆ ಒಳಗೆ. ಅವಸರದಲ್ಲಿ ಪೆಡಲಿನ ವೈರುಗಳನ್ನು ತಿರುವುಮುರುವು ಚುಚ್ಚಿದ, ಆಂಪು ಗಪ್‌ಚಿಪ್. "ಕೆಟ್ಟೇಹೋಯ್ತು, ನಿನ್ನ ಭಾವ ನನ್ನ ಚರ್ಮ ಸುಲೀತಾರೆ" ಅಂದ. ಅವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಬಂದು ವೈರುಗಳನ್ನು ಅದಲುಬದಲು ಮಾಡಿದಳು. ಈಗ ದನಿ ಆಂಪಿನಲ್ಲಿ ಒರಟಾಗಿ, ಹೊರಬಂದು ಎಕೋ ಪೆಡಲನ್ನು ಹಾಯ್ದು, ವಾಪಸ್ ಹೋಗಿ ಸ್ಪೀಕರಿನಿಂದ ಬಂತು. ಒಂದೇ ಸ್ವರ ನುಡಿಸಿದ. ಸ್ವರದ ಹಿಂದೆ ಸ್ವರ, ಬಿಡಿಬಿಡಿಯಾಗಿ, ಒಂದಕ್ಕೊಂದು ತಾಗದೆ ಗೋಡೆಯಾಚೆ ಹೋದವು. ಗಂಡಹೆಂಡಿರಿಬ್ಬರೂ ಬಾಯಿ ಬಿಟ್ಟುಕೊಂಡು ಕೂತರು. ಪರದೆಯ ಕೆಲಸ ಅಂದು ಅಷ್ಟಕ್ಕೇ ನಿಂತಿತು.

ಮರುದಿನ ಇಸ್ತ್ರಿ, ಮಡಿಕೆಯ ಮಾತನ್ನೆಲ್ಲ ಅಕ್ಕನಿಗೆ ಹೇಳಿದಾಗ ಅಕ್ಕ ಅವಳ ಕೆನ್ನೆ ಹಿಂಡಿ, "ನಮ್ಮ ಪುಟ್ಟಿ ಇಂಜಿನಿಯರ್ ಆದಳು!" ಅಂತ ಓಣಿಗೆಲ್ಲ ಕೇಳುವ ಹಾಗೆ ನಕ್ಕಳು.

ಹೋಟೆಲಿನಲ್ಲಿ ಜನ ಚಮಚ ಕೆಳಗಿಟ್ಟು ಕೇಳತೊಡಗಿದರು. ಗಿಟಾರಿನವನ ಹೆಸರು ಊರಲ್ಲೆಲ್ಲ ಹಬ್ಬಿತು. ಮೊದಮೊದಲು ಮ್ಯಾನೇಜರನೂ ಹಿಗ್ಗಿದ. ಮೈಕಿನಲ್ಲಿ "ಎಲ್ಲಾ ನಮ್ಮ ಆಂಪಿನ ಮಹಿಮೆ" ಅಂತ ನಗಿಸುತ್ತಿದ್ದ. ಒಂದು ಭಾನುವಾರ ಹೋಟೆಲಿನ ಮಾಲೀಕ, "ಮೊದಲರ್ಧ ಬರೀ ಗಿಟಾರ್ ಇರಲಿ, ಹಾಡು ಆಮೇಲೆ ನೋಡೋಣ" ಅಂದ. ಮ್ಯಾನೇಜರನ ಮುಖ ಕಪ್ಪಿಟ್ಟಿತು. ಮೊದಲರ್ಧವೆಲ್ಲ ಆತ ವೇದಿಕೆಯ ಪಕ್ಕದ ಕುರ್ಚಿಯಲ್ಲಿ, ಗಿರಾಕಿ ಬಾರದ ಅಂಗಡಿಯವನ ಹಾಗೆ, ಕೈಕಟ್ಟಿ ಕೂತಿದ್ದ.

ಮುಂದಿನ ವಾರ ಅಕ್ಕನ ಮನೆಯ ಊಟದ ಮೇಜಿನಲ್ಲಿ ಅದು ಸಿಡಿಯಿತು.

"ಆಂಪ್ ಯಾರದಪ್ಪಾ?" ಅಂದ ಮ್ಯಾನೇಜರ್.

"ನಿಮ್ಮದೇ ಅಣ್ಣ. ಪೆಡಲ್ ಯಾರದು?"

"ಪೆಡಲನ್ನ ಇಟ್ಕೊಂಡು ಅದರ ಮೇಲೆ ಕುಣಿ ಹಾಗಾದ್ರೆ."

"ನೀವು ಆಂಪ್ ಮೇಲೆ ಹೂದಾನಿ ಇಟ್ಟು ನೋಡ್ತಾ ಕೂತ್ಕೊಳ್ಳಿ."

ಸಂಜೆಯೊಳಗೆ ಆಂಪು ಹೊಲಿಗೆ ಕೋಣೆಯಿಂದ ಹೊರಟಿತು. ಹೊತ್ತುಕೊಂಡು ಹೋಗಲು ಮ್ಯಾನೇಜರ್ ತನ್ನ ಅಂಗಡಿಯ ಹಮಾಲಿಗಳನ್ನೇ ಕರೆತಂದಿದ್ದ. ಗಂಡ ತಡೆಯಲೂ ಇಲ್ಲ, ಕೈಕೊಡಲೂ ಇಲ್ಲ. ಮೂಲೆಯಲ್ಲಿ ನಿಂತು ವೈರು ಸುತ್ತುತ್ತಿದ್ದ.

ಅಲ್ಲಿಂದಾಚೆ ಇಬ್ಬರ ಕೈಲೂ ಉಳಿದದ್ದು ಅರ್ಧರ್ಧ. ಗಂಡ ಒಂದು ಚಿಕ್ಕ ಆಂಪ್ ತಂದ. ಅದರ ಬೆನ್ನು ನುಣ್ಣಗೆ, ತೂತೇ ಇಲ್ಲ. ಮತ್ತೆ ಅದೇ ಕಲಸುಮೇಲೋಗರ. ಮ್ಯಾನೇಜರ್ ಬೇರೊಬ್ಬ ಗಿಟಾರಿನವನನ್ನು ಹಿಡಿದು ತಂದ. ಆತ ಪೆಡಲ್‌ಗಳನ್ನೆಲ್ಲ ಸಾಲಾಗಿ ಆಂಪಿನ ಮುಂದೆ ಜೋಡಿಸಿಕೊಂಡು ಹಾಲನ್ನೆಲ್ಲ ಗದ್ದಲದಿಂದ ತುಂಬಿದ. ಮಾಲೀಕ ಇಬ್ಬರಿಗೂ ಬೇರೆಬೇರೆಯಾಗಿ ವೇದಿಕೆ ಕೊಟ್ಟು, ಒಂದೊಂದು ತಿಂಗಳು ಸಹಿಸಿಕೊಂಡು, ಕೊನೆಗೆ ಗೋಡೆಗೆ ಸ್ಪೀಕರ್ ಜಡಿಸಿ ರೆಕಾರ್ಡ್ ಹಾಕಿಸಿದ.

ಗಂಡಸರು ಮಾತು ಬಿಟ್ಟರು. ಬಿಟ್ಟವರು ಸುಮ್ಮನಿರಬೇಕಲ್ಲ? ಹೇಳಬೇಕಾದ್ದನ್ನೆಲ್ಲ ಹೆಂಡತಿಯರ ಕೈಲಿ ಹೇಳಿಸಿದರು. "ಹೋಗಿ ನಿಮ್ಮಕ್ಕನಿಗೆ ಹೇಳು, ಶ್ರುತಿ ಗೊತ್ತಿಲ್ಲದವರಿಗೆ ಆಂಪ್ ಯಾಕಂತೆ" ಅಂತ ಇವನು. "ನಿನ್ನ ತಂಗಿಗೆ ಹೇಳು, ವೇದಿಕೆ ಹತ್ತಿಸಿದವನು ನಾನು" ಅಂತ ಆತ. ಅಕ್ಕತಂಗಿಯರು ಮೊದಲು ನಗುತ್ತಲೇ ಒಪ್ಪಿಸಿದರು. ಆಮೇಲೆ ನಗು ಬಿಟ್ಟು ಒಪ್ಪಿಸಿದರು. ಕೊನೆಗೊಂದು ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ, ಯಾರು ಹೇಳಿ ಕಳಿಸಿದ್ದು, ಯಾರು ತಾವಾಗಿ ಆಡಿದ್ದು ಅನ್ನುವುದೇ ತಿಳಿಯದಂತಾಯಿತು.

"ಅಲ್ಲ ಕಣೇ, ನಿನ್ನ ಗಂಡ ಬಂದು ಒಂದು ಮಾತು ಕೇಳಿದ್ರೆ ಇವರು ಆಂಪ್ ಕೊಡಲ್ಲ ಅಂತಾರಾ?" ಅಂದಳು ಅಕ್ಕ.

"ಕೇಳೋದೇನು ಬಂತು? ಆ ತೂತು ಯಾತಕ್ಕೆ ಅಂತಾದ್ರೂ ಭಾವನಿಗೆ ಗೊತ್ತಿತ್ತಾ? ತೋರಿಸಿದ್ದು ನಾನು."

"ಅಬ್ಬಾ, ತೋರಿಸಿದಳಂತೆ. ನಿನ್ನ ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಯಾರು? ಅದನ್ನ ನಾನು ಯಾವತ್ತಾದ್ರೂ ಹೇಳಿಕೊಂಡು ತಿರುಗಿದ್ದೀನಾ?"

"ಈಗ ಹೇಳಿದೆಯಲ್ಲ."

"ಹೇಳ್ತೀನಿ. ತಾಯಿ ಹಾಗೆ ಸಾಕಿದ್ದೀನಿ."

ಹೊಲಿಗೆಯವಳ ಬಾಯಿಗೆ ಆ ಮಾತು ಎಲ್ಲಿಂದ ಬಂತೋ. "ನೀನು ಅಮ್ಮ ಆಗೋಕೆ ಹೋದೆ. ಅಮ್ಮನೂ ಆಗಲಿಲ್ಲ, ಅಕ್ಕನೂ ಆಗಲಿಲ್ಲ" ಅಂದುಬಿಟ್ಟಳು.

ಅಕ್ಕ ಒಲೆ ಆರಿಸಿದಳು. ಸೌಟು ತೊಳೆದು ಮೊಳೆಗೆ ತೂಗುಹಾಕಿದಳು. "ಹೊತ್ತಾಯ್ತು, ನೀನು ಹೊರಡು" ಅಂದಳು, ಇವಳ ಮುಖ ನೋಡದೆ.

ದಾರಿಯುದ್ದಕ್ಕೂ ತಿರುಗಿ ಹೋಗಲೇ, ಕಾಲು ಹಿಡಿಯಲೇ ಅನ್ನಿಸಿತು. ಹೋಗಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡಳು. ನಾಳೆ ನಾಳೆ ಅಂತ ಮೂರು ವರ್ಷ ಕಳೆಯಿತು. ಸಂತೆಯಲ್ಲಿ ಅಕ್ಕ ಎದುರಾದರೆ ಇಬ್ಬರೂ ತರಕಾರಿ ನೋಡುವುದರಲ್ಲಿ ಮುಳುಗುತ್ತಿದ್ದರು. ಗಂಡನ ಗಮನಕ್ಕೆ ಇದು ಬಂದಂತೆಯೇ ಇರಲಿಲ್ಲ. ಅವನಿಗೆ ಕಳೆದುಹೋದದ್ದು ಆಂಪು.

ಗಂಡಸರು ರಾಜಿಯಾದದ್ದು ಕ್ಷೌರದಂಗಡಿಯಲ್ಲಿ. ಅಕ್ಕಪಕ್ಕದ ಕುರ್ಚಿ, ಇಬ್ಬರ ಮುಖಕ್ಕೂ ಸೋಪಿನ ನೊರೆ. ಹಾಗೆ ಕೂತು ಎಷ್ಟು ಹೊತ್ತು ಸೆಟೆದುಕೊಂಡಿರಲಾದೀತು? ಮ್ಯಾನೇಜರ್ ಕನ್ನಡಿಯಲ್ಲೇ ಹಲ್ಲು ಕಿರಿದನಂತೆ, ಇವನೂ ನಕ್ಕನಂತೆ. ಮುಗಿಯಿತು. ಹೋಟೆಲಿಗೆ ಹೊಸ ಮಾಲೀಕ ಬಂದಿದ್ದ, ಹಳೆಯ ತಂಡ ಬೇಕು ಅನ್ನುತ್ತಿದ್ದ. ನುಣ್ಣಗಾದ ಕೆನ್ನೆ ಸವರಿಕೊಳ್ಳುತ್ತ ಗಂಡ ಮನೆಗೆ ಬಂದ.

"ನಿನ್ನ ಭಾವ ನಾಳೇನೇ ಆಂಪ್ ಕಳಿಸ್ತಾರಂತೆ. ಎಲ್ಲಾ ಸರಿಹೋಯ್ತು ಕಣೇ!"

"ಯಾರಿಗೆ?" ಅಂದಳು. ಅವನು ಆಗಲೇ ಪೆಡಲ್ ಪೆಟ್ಟಿಗೆಗಾಗಿ ಮಂಚದಡಿ ತಲೆ ತೂರಿಸಿದ್ದ.

ಆ ಶನಿವಾರ ಹಾಲು ಕಿಕ್ಕಿರಿದಿತ್ತು. ಅಕ್ಕ ಮುಂದಿನ ಸಾಲಿನ ಒಂದು ತುದಿಯಲ್ಲಿ, ಹೊಲಿಗೆಯವಳು ಇನ್ನೊಂದು ತುದಿಯಲ್ಲಿ. ನಡುವೆ ಯಾರದೋ ಸಂಸಾರ ಉಣ್ಣುತ್ತಿತ್ತು. ಎರಡು ಹಾಡಾದ ಮೇಲೆ ಮ್ಯಾನೇಜರ್ ಮೈಕನ್ನು ಷಡ್ಡಕನ ಬಾಯಿಗೆ ಹಿಡಿದ: "ಹೇಳಯ್ಯಾ, ಈ ದನಿಯ ಗುಟ್ಟೇನು?"

"ಗುಟ್ಟೇನಿಲ್ಲ. ಒಂದು ದಿನ ಮನೇಲಿ ಕೂತಿದ್ದಾಗ ನನಗೆ ಹೊಳೀತು. ಮೊದಲು ಇಸ್ತ್ರಿ, ಆಮೇಲೆ ಮಡಿಕೆ!"

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಅದು ಯಾರ ಮಾತು ಅಂತ ಆ ಹಾಲಿನಲ್ಲಿ ಗೊತ್ತಿದ್ದವಳು ಇನ್ನೊಬ್ಬಳೇ. ಹೊಲಿಗೆಯವಳು ಆ ತುದಿಯತ್ತ ನೋಡಿದಳು. ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಇತ್ತ ನೋಡಲೂ ಇಲ್ಲ. ತೊಡೆಯ ಮೇಲಿದ್ದ ಚೀಲದ ಜಿಪ್ಪನ್ನು ಎಳೆದು ಮುಚ್ಚಿದಳು.

ಕೈತೊಳೆಯುವ ಬೇಸಿನ್ನಿನ ಹತ್ತಿರ ಇಬ್ಬರೂ ಎದುರುಬದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅಕ್ಕನ ಕಿವಿಯ ಪಕ್ಕದ ಕೂದಲು ಪೂರಾ ಬೆಳ್ಳಗಾಗಿತ್ತು.

"ಊಟ ಆಯ್ತಾ?" ಅಂದಳು ಅಕ್ಕ.

"ಆಯ್ತು. ನಿಮ್ಮದು?"

ಮಾತು ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಹುಟ್ಟಿದಾಗಿನಿಂದ ನೀನು, ನಿನ್ನ ಅಂದು ಬೆಳೆದ ಅಕ್ಕನಿಗೆ ‘ನಿಮ್ಮದು’ ಅಂದಿದ್ದಳು. ಅಕ್ಕನಿಗೂ ಕೇಳಿಸಿತ್ತು. ಅವಳು ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, "ನಮ್ಮದೂ ಆಯ್ತು" ಅಂದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಒಳಗೆ ಗಂಡಸರಿಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತು ಮುಂದಿನ ಹಾಡಿಗೆ ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು.