ಅವಳ ಬದಲು ನಾನು ಕೊಟ್ಟ ಉತ್ತರ

ಮೊದಲು ಊದಿಕೊಂಡದ್ದು ನನ್ನ ಹೆಂಡತಿ ಗಿರಿಜಾಳ ಪಾದಗಳು. ಚಪ್ಪಲಿ ಬಿಗಿಯಾಗುತ್ತಿದೆ ಎಂದಳು. ಹೊಸದು ಕೊಡಿಸಿದೆ. ಅಷ್ಟು ಜಾಣ ನಾನು. ತಿಂಗಳ ನಂತರ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದಾಗ ಹಾರ್ಟ್ ಫೇಲ್ಯೂರ್ ಎಂದರು. ಹೃದಯ ನಿಂತಿಲ್ಲ, ಪಂಪ್ ಮಾಡುವ ಶಕ್ತಿ ಕುಗ್ಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಮುಂದಿನ ಚೆಕಪ್ ನೇರವಾಗಿಯೋ, ವಿಡಿಯೋದಲ್ಲೋ ಎಂದು ಆಸ್ಪತ್ರೆಯವರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ವಿಡಿಯೋ ಎಂದೆ. ಕತ್ರಿಗುಪ್ಪೆಯಿಂದ ಜಯನಗರಕ್ಕೆ ಆಟೋ ಹಿಡಿದು, ಟ್ರಾಫಿಕ್‌ನಲ್ಲಿ ಬೆಂದು, ಟೋಕನ್ ಹಿಡಿದು ಎರಡು ಗಂಟೆ ಕೂರುವ ಕರ್ಮ ಯಾರಿಗೆ ಬೇಕು? ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಎದುರಿಗೆ ಪ್ರಶ್ನೆ ಬಂದರೆ ನಾಲಿಗೆ ಸುಮ್ಮನಿರುವುದಿಲ್ಲ. ವಿಡಿಯೋ ಕರೆ ಬಂದಾಗ ಗಿರಿಜಾ ಕುಂಕುಮ ತಿದ್ದಿಕೊಂಡು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಪರದೆಯಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

"ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟತ್ತಾ ಅಮ್ಮಾ?" ಎಂದು ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು.

"ಇಲ್ಲ ಡಾಕ್ಟ್ರೇ, ಏನೂ ತೊಂದ್ರೆ ಇಲ್ಲ," ಎನ್ನುತ್ತಿದ್ದೆ ನಾನು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಹಾಲ್‌ಗೆ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ಕುಸಿದಳು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐಸಿಯು ಹೊರಗೆ ನನ್ನ ಜೊತೆ ಕೂತಿದ್ದ ಮೇಲಿನ ಮನೆಯ ಮಂಜುಳಾ ಅಳುತ್ತಾ ಹೇಳಿದಳು: "ಆಂಟಿ ಮೂರು ತಿಂಗಳಿಂದ ಟೆರೇಸ್‌ಗೇ ಬಂದಿಲ್ಲ ಅಂಕಲ್. ನಿಮ್ಮನೆ ಬಟ್ಟೆ ಒಣಗಿಸಿ ತಂದುಕೊಡ್ತಿದ್ದಿದ್ದು ನಾನು. ನಿಮ್ಗೆ ಗೊತ್ತಿತ್ತಲ್ವಾ?"

ಗೊತ್ತಿರಲಿಲ್ಲ.

ಮೆಟ್ಟಿಲು ಹತ್ತುವುದನ್ನೇ ಬಿಟ್ಟವಳಿಗೆ ಉಸಿರು ಹೇಗೆ ಕಟ್ಟೀತು? ನಾನು ಸುಳ್ಳು ಹೇಳಿರಲಿಲ್ಲ. ನೋಡಿರಲಿಲ್ಲ, ಅಷ್ಟೇ. ಮಡಚಿದ ಬಟ್ಟೆ ಬೀರುವಿಗೆ ಬರುತ್ತಿತ್ತು, ನಾನು ತೆಗೆದು ಹಾಕಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಂಬತ್ತನೇ ದಿನ ಡಿಸ್ಚಾರ್ಜ್ ಮಾಡಿದರು. ಹೃದಯ ಇನ್ನಷ್ಟು ಸೋತಿದೆ, ಮೊದಲಿನಂತಾಗುವುದಿಲ್ಲ ಎಂದರು. ಮುಂದಿನ ಚೆಕಪ್ ಹೇಗೆ ಎಂದು ನರ್ಸ್ ಕೇಳಿದಾಗ ನಾನು ತುಟಿ ಬಿಚ್ಚಲಿಲ್ಲ.

"ವಿಡಿಯೋನೇ ಇರ್ಲಿ, ಓಡಾಡೋಕಾಗಲ್ಲ," ಎಂದಳು ಗಿರಿಜಾ. ಆಮೇಲೆ ನನ್ನ ಕಡೆ ತಿರುಗಿ, "ರೀ, ನಾನೇ ಮಾತಾಡ್ತೀನಿ. ನೀವು ಅಡುಗೆಮನೇಲಿರಿ," ಎಂದಳು.

ನಿನ್ನೆ ಹಾಗೆಯೇ ಅಡುಗೆಮನೆಯಲ್ಲಿ ನಿಂತಿದ್ದೆ. ಒಂದೊಂದು ಪ್ರಶ್ನೆಗೂ ಅವಳು ಯೋಚಿಸಿ, ತಡೆದು ತಡೆದು ಉತ್ತರ ಕೊಡುತ್ತಿದ್ದಳು. ಆ ದನಿ ಇನ್ನೂ ಮನೆಯಲ್ಲಿದೆ. ಅದಕ್ಕಿಂತ ಹೆಚ್ಚು ಬೇಡುವ ಮುಖ ನನಗಿಲ್ಲ. ಕೊನೆಗೆ ಡಾಕ್ಟರು ಬೇರೇನಾದರೂ ಇದೆಯೇ ಎಂದರು.

"ತುಂಬಾ ಭಯ ಆಗತ್ತೆ ಡಾಕ್ಟ್ರೇ," ಎಂದಳು. "ಇವ್ರಿಗೆ ಮಾತ್ರ ಹೇಳ್ಬೇಡಿ."

ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ನನಗೆ ಕೇಳಿಸಲಿಲ್ಲ ಎಂದು ಅವಳು ನಂಬಲಿ.